ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆಯಾ? ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ನೋಡಿ

"ಕೆಲಸ ಮಾಡ್ತಾ ಇರುವಾಗಲೇ ಟಪ್ ಅಂತ ಆಫ್ ಆಗುತ್ತೆ, ಮತ್ತೆ ತಾನೇ ಆನ್ ಆಗುತ್ತೆ. ಫಾರ್ಮ್ಯಾಟ್ ಮಾಡಿಸಿದೆ. ಎರಡು ದಿನ ಸರಿ ಇತ್ತು, ಈಗ ಮತ್ತೆ ಅದೇ ಕಥೆ."

ಡೊಂಬಿವಲಿಯವರು ಕೇಳುತ್ತಾರೆ, ಮುಲುಂಡಿನವರು ಕೇಳುತ್ತಾರೆ, ಪುಣೆಯ ಚಿಂಚ್‌ವಡದಿಂದ, ಗೋವಾದ ವಾಸ್ಕೋದಿಂದಲೂ ಕೇಳುತ್ತಾರೆ. ಮಳೆಗಾಲ ಬಂತು ಅಂದರೆ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ. ವಿಂಡೋಸ್ ಇರುವ ಡೆಸ್ಕ್‌ಟಾಪ್‌ಗೆ ಇದು ಹೊಂದುತ್ತದೆ. ಲ್ಯಾಪ್‌ಟಾಪ್‌ನ ಲೆಕ್ಕ ಬೇರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ತೊಂದರೆಗೆ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಕಾರಣ ಗೊತ್ತಾಗುವ ಮೊದಲೇ ಸಾಮಾನು ಬದಲಿಸಿ. ಹೊಸ ರ‍್ಯಾಮ್ ಹಾಕಿಸುತ್ತಾರೆ (ಕೆಲಸ ನಡೆಯುವಾಗ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ ಪಟ್ಟಿ ಅದು), ಹೋಗುವುದಿಲ್ಲ. ಫಾರ್ಮ್ಯಾಟ್ ಮಾಡಿಸುತ್ತಾರೆ, ಹೋಗುವುದಿಲ್ಲ. ಕೊನೆಗೆ ನೋಡಿದರೆ ಗೋಡೆಯ ಪ್ಲಗ್ ಸಡಿಲ ಇರುತ್ತದೆ. ಹಾಗಾಗಿ ಪೈಸೆ ಖರ್ಚಿಲ್ಲದ ಕೆಲಸಗಳು ಇಲ್ಲಿ ಮೊದಲು ಬರುತ್ತವೆ, ಖರ್ಚಿನ ಕೆಲಸಗಳು ಕೊನೆಗೆ. ಈ ಕ್ರಮ ತಪ್ಪಿಸಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಟ್ಟಿಗೆ ಮೂರು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಶುರು ಮಾಡುವ ಮೊದಲು

ಮುಖ್ಯವಾದ ಫೈಲುಗಳನ್ನು ಇವತ್ತೇ ಒಂದು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕ್‌ಗೋ ಕಾಪಿ ಮಾಡಿ. ಲೆಕ್ಕಪತ್ರ, ಫೋಟೋ, ಮಕ್ಕಳ ಪ್ರಾಜೆಕ್ಟ್, ಎಲ್ಲ. ಫೈಲ್ ಬರೆಯುತ್ತಿರುವಾಗ ಕರೆಂಟ್ ಕಡಿದರೆ ಆ ಫೈಲ್ ಹಾಳಾಗಬಹುದು. ಪದೇ ಪದೇ ಹಾಗಾದರೆ ವಿಂಡೋಸ್ ಕೂಡ ಹಾಳಾಗಬಹುದು. "ಮೊದಲು ಸರಿಯಾಗಲಿ, ಆಮೇಲೆ ಬ್ಯಾಕಪ್" ಅನ್ನುವವರಿಗೆ ಹೇಳುವುದು ಇಷ್ಟೇ: ಆ ಆಮೇಲೆ ಬರದೇ ಹೋಗಬಹುದು.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಣಗಿದ ಮೆತ್ತನೆಯ ಪೇಂಟಿಂಗ್ ಬ್ರಶ್, ಟಾರ್ಚ್, ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್, ಒಂದು ಟ್ಯೂಬ್ ಥರ್ಮಲ್ ಪೇಸ್ಟ್, ಒಂದು ನೋಟ್‌ಬುಕ್. ಮಲ್ಟಿಮೀಟರ್, ಅಂದರೆ ವೋಲ್ಟೇಜ್ ಅಳೆಯುವ ಮೀಟರ್ ಇದ್ದು, ಬಳಸಲು ಬಂದರೆ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಯಾವಾಗ ಆಗುತ್ತದೆ ಅಂತ ಬರೆದಿಡಿ

ನೋಟ್‌ಬುಕ್ ಇರುವುದು ಇದಕ್ಕೆ. ಮೂರು ದಿನ, ರೀಸ್ಟಾರ್ಟ್ ಆದಾಗಲೆಲ್ಲ ಗಂಟೆ ನಿಮಿಷ ಬರೆಯಿರಿ. ಆಗ ಏನು ಮಾಡುತ್ತಿದ್ದಿರಿ, ಮನೆಯಲ್ಲಿ ಬೇರೆ ಯಾವ ಮಷೀನ್ ಓಡುತ್ತಿತ್ತು, ಕಂಪ್ಯೂಟರ್ ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಅದನ್ನೂ ಬರೆಯಿರಿ.

ಇದರ ಬೆಲೆ ಎಷ್ಟು ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಮಾಟುಂಗಾದ ಒಂದು ಉಡುಪಿ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರ್ ದಿನಕ್ಕೆ ಎರಡು ಸಲ ರೀಸ್ಟಾರ್ಟ್ ಆಗುತ್ತಿತ್ತು. ಸಮಯ ಬರೆದು ನೋಡಿದರೆ ಎರಡೂ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರೊಳಗೆ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಇಡ್ಲಿ ದೋಸೆ ಹಿಟ್ಟಿಗೆ ಗ್ರೈಂಡರ್ ಹಾಕುತ್ತಿದ್ದರು. ಕೌಂಟರಿನ ಪ್ಲಗ್ಗೂ ಗ್ರೈಂಡರಿನ ಪ್ಲಗ್ಗೂ ಒಂದೇ ಲೈನ್. ಗ್ರೈಂಡರ್ ಮೋಟರ್ ಶುರುವಾಗುವ ಆ ಒಂದು ಕ್ಷಣ ಅದು ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕಂಪ್ಯೂಟರ್ ಬೀಳುತ್ತದೆ. ಅದಕ್ಕೂ ಮೊದಲು ಅವರು ರ‍್ಯಾಮ್ ಬದಲಿಸಿ ಆಗಿತ್ತು.

ನೀವು ಬರೆದದ್ದರಲ್ಲಿ ಹೀಗೆ ಗುರುತು ಹುಡುಕಿ. ಆನ್ ಮಾಡಿ ಇಪ್ಪತ್ತು ಮೂವತ್ತು ನಿಮಿಷಕ್ಕೆ, ಅಥವಾ ಗೇಮ್, ವಿಡಿಯೋ ಎಡಿಟಿಂಗ್ ಮಾಡುವಾಗ ಮಾತ್ರ ಆದರೆ ಬಿಸಿಯ ಮೇಲೋ ಎಸ್‌ಎಂಪಿಎಸ್ ಮೇಲೋ ಸಂಶಯ. ಎಸ್‌ಎಂಪಿಎಸ್ ಅಂದರೆ ಗೋಡೆಯಿಂದ ಬರುವ 230 ವೋಲ್ಟನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟ್ ಮಾಡಿಕೊಡುವ ಲೋಹದ ಪೆಟ್ಟಿಗೆ. ಫ್ರಿಜ್, ಪಂಪ್, ಮಿಕ್ಸರ್, ಲಿಫ್ಟ್ ಶುರುವಾದಾಗ ಆದರೆ ಮನೆಯ ಕರೆಂಟ್ ಮೇಲೆ ಸಂಶಯ. ಹೊತ್ತುಗೊತ್ತಿಲ್ಲದೆ, ಸುಮ್ನೆ ಇರುವಾಗಲೂ ಆದರೆ ರ‍್ಯಾಮ್, ಡ್ರೈವರ್ ಸಾಫ್ಟ್‌ವೇರ್, ಸಡಿಲ ವೈರ್, ಯಾವುದೂ ಇರಬಹುದು.

ಹಂತ 2: ವಿಂಡೋಸ್ ಬಿದ್ದಿತಾ, ಕರೆಂಟ್ ಕಡಿಯಿತಾ?

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ರೀಸ್ಟಾರ್ಟ್‌ನಲ್ಲಿ ಎರಡು ಜಾತಿ. ಒಂದು, ವಿಂಡೋಸಿಗೆ ಒಳಗೆ ಏನೋ ಎಡವಟ್ಟಾಗಿ ತಾನೇ ರೀಸ್ಟಾರ್ಟ್ ಮಾಡಿಕೊಳ್ಳುವುದು. ಇನ್ನೊಂದು, ವಿಂಡೋಸಿಗೆ ಗೊತ್ತೇ ಆಗದ ಹಾಗೆ ಕರೆಂಟ್ ಕಡಿದುಹೋಗುವುದು. ಇವೆರಡನ್ನು ಬೇರೆ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ವಿಂಡೋಸ್ ಬಿದ್ದಾಗ ನೀಲಿ ಪರದೆ ಬರಬೇಕು. ವಿಂಡೋಸ್ 11ರ ಹೊಸ ಅಪ್‌ಡೇಟ್‌ಗಳಲ್ಲಿ ಅದು ಕಪ್ಪು. ಆದರೆ ತಾನಾಗಿಯೇ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ಮೊದಲೇ ಆನ್ ಇರುವುದರಿಂದ ಆ ಪರದೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲು ಅದನ್ನು ತೆಗೆಯಿರಿ. ಸ್ಟಾರ್ಟ್ ಒತ್ತಿ "ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್" ಅಂತ ಹುಡುಕಿ. ತೆರೆದ ಕಿಟಕಿಯಲ್ಲಿ ಅಡ್ವಾನ್ಸ್ಡ್ ಟ್ಯಾಬ್, ಅದರ ಕೆಳಗೆ ಸ್ಟಾರ್ಟಪ್ ಆಂಡ್ ರಿಕವರಿ, ಅಲ್ಲಿ ಸೆಟ್ಟಿಂಗ್ಸ್. "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಎದುರಿನ ಟಿಕ್ ತೆಗೆದು ಓಕೆ ಒತ್ತಿ. ಇನ್ನು ಮುಂದೆ ವಿಂಡೋಸ್ ಬಿದ್ದರೆ ಪರದೆ ಹಾಗೇ ನಿಲ್ಲುತ್ತದೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಪರದೆ ನಿಲ್ಲದೆ ಮತ್ತೂ ಟಪ್ ಅಂತ ಆಫ್ ಆಗಿ ಆನ್ ಆದರೆ, ತೊಂದರೆ ಕರೆಂಟ್ ಅಥವಾ ಹಾರ್ಡ್‌ವೇರ್ ಕಡೆಯದು ಅಂತ ಬಹುಮಟ್ಟಿಗೆ ಹೇಳಬಹುದು.

ಆಮೇಲೆ ಇವೆಂಟ್ ವ್ಯೂವರ್ ತೆರೆಯಿರಿ. ಇದು ಕಂಪ್ಯೂಟರಿನ ದಿನಚರಿ ಪುಸ್ತಕ. ಸ್ಟಾರ್ಟ್‌ನಲ್ಲಿ ಅದೇ ಹೆಸರು ಹುಡುಕಿ, ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಕೆಂಪು ಹಳದಿ ಗುರುತು ರಾಶಿ ರಾಶಿ ಕಾಣುತ್ತವೆ. ಹೆದರಬೇಡಿ, ಸರಿ ಇರುವ ಕಂಪ್ಯೂಟರಿನಲ್ಲೂ ಅವು ಇರುತ್ತವೆ. ನಿಮ್ಮ ನೋಟ್‌ಬುಕ್‌ನ ಸಮಯಕ್ಕೆ ಹೊಂದುವ ಕೆಲವು ಸಂಖ್ಯೆಗಳನ್ನು ಮಾತ್ರ ನೋಡಿ.

1074 ಇದ್ದರೆ, ಯಾವುದೋ ಪ್ರೋಗ್ರಾಂ ಹೇಳಿ ಮಾಡಿಸಿದ ರೀಸ್ಟಾರ್ಟ್ ಅದು. ಯಾವ ಪ್ರೋಗ್ರಾಂ ಅಂತ ಅದರಲ್ಲೇ ಬರೆದಿರುತ್ತದೆ. ಹೆಚ್ಚಾಗಿ ವಿಂಡೋಸ್ ಅಪ್‌ಡೇಟ್. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ "ಆಕ್ಟಿವ್ ಅವರ್ಸ್", ಅಂದರೆ ನೀವು ಕೆಲಸ ಮಾಡುವ ಹೊತ್ತು, ಸರಿಯಾಗಿ ತುಂಬಿದರೆ ಸಾಕು. ರಾತ್ರಿ ಆನ್ ಬಿಟ್ಟು ಮಲಗಿದ ಕಂಪ್ಯೂಟರ್ ಬೆಳಗ್ಗೆ ಎಲ್ಲ ಮುಚ್ಚಿಕೊಂಡು ಕೂತಿರುವುದಕ್ಕೆ ಬಹಳ ಸಲ ಇದೇ ಕಾರಣ.

6008 ಅಂದರೆ ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ. ಅದರಲ್ಲಿ ಸಮಯ ಸಿಗುತ್ತದೆ.

41, ಅಂದರೆ ಕರ್ನಲ್ ಪವರ್. ಎಲ್ಲರೂ ಗಾಬರಿಯಾಗುವುದು ಇದನ್ನು ನೋಡಿ. ಹೆಸರಿನಲ್ಲಿ ಪವರ್ ಇದೆ, ಹಾಗಾಗಿ ಎಸ್‌ಎಂಪಿಎಸ್ ಹೋಗಿದೆ ಅಂದುಕೊಳ್ಳುತ್ತಾರೆ. ಅದು ತಪ್ಪು. "ನಾನು ಸರಿಯಾಗಿ ಮುಚ್ಚಿಕೊಳ್ಳುವ ಮೊದಲೇ ಬಿದ್ದೆ" ಅಂತ ಮತ್ತೆ ಎದ್ದ ಮೇಲೆ ವಿಂಡೋಸ್ ಬರೆದುಕೊಳ್ಳುವ ಸಾಲು ಅದು, ಅಷ್ಟೇ. ಕಾರಣ ಅದರ ಒಳಗಿದೆ. ಡೀಟೇಲ್ಸ್ ಟ್ಯಾಬ್ ಒತ್ತಿ, "ಬಗ್‌ಚೆಕ್ ಕೋಡ್" ಎಷ್ಟು ಅಂತ ನೋಡಿ. ಸೊನ್ನೆ ಇದ್ದರೆ ವಿಂಡೋಸಿಗೆ ಏನಾಯಿತೆಂದು ಗೊತ್ತಾಗಿಲ್ಲ: ಕರೆಂಟ್ ಕಡಿಯಿತು, ರೀಸೆಟ್ ಬಟನ್ ಒತ್ತಿತು, ಇಲ್ಲ ಪೂರ್ತಿ ಸ್ತಬ್ಧವಾಯಿತು. ಬೇರೆ ಸಂಖ್ಯೆ ಇದ್ದರೆ ವಿಂಡೋಸ್ ಬಿದ್ದಿದೆ. ಕೆಲವು ಸಂಖ್ಯೆ ಹೇಳುತ್ತೇನೆ. 26 ಮತ್ತು 80 ಬಂದರೆ ಮೊದಲು ರ‍್ಯಾಮ್ ಪರೀಕ್ಷಿಸಿ, ಆಮೇಲೆ ಡ್ರೈವರ್. 278 ಬಂದರೆ ಗ್ರಾಫಿಕ್ಸ್ ಡ್ರೈವರ್ ಅಥವಾ ಕಾರ್ಡ್. 292 ಬಂದರೆ ಹಾರ್ಡ್‌ವೇರೇ ದೂರು ಕೊಟ್ಟಿದೆ: ಪ್ರೊಸೆಸರ್, ಬಿಸಿ, ವೋಲ್ಟೇಜ್ ಕಡೆ ನೋಡಿ.

ಸೊನ್ನೆ ಬಂದವರು 3, 4, 5 ಮತ್ತು 8ನೇ ಹಂತಗಳನ್ನು ಗಮನವಿಟ್ಟು ಮಾಡಿ. ಸಂಖ್ಯೆ ಬಂದವರಿಗೆ 5, 6, 7 ಮುಖ್ಯ.

ಹಂತ 3: ಗೋಡೆಯಿಂದ ಶುರು ಮಾಡಿ

ಕ್ಯಾಬಿನೆಟ್ ಬಿಚ್ಚುವ ಮೊದಲು ಗೋಡೆ ನೋಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಹೊರಗೆ ತೆಗೆದು ಅದರ ಮೂರು ಪಿನ್‌ಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಹಿತ್ತಾಳೆ ಹೊಳೆಯಬೇಕು. ಒಂದು ಪಿನ್ನಿನ ಮೇಲೆ ಕಪ್ಪು ಮಸಿ, ಅದರ ಬುಡದ ಪ್ಲಾಸ್ಟಿಕ್ ಸ್ವಲ್ಪ ಕಂದಾಗಿ ಉಬ್ಬಿದೆ, ಮೂಸಿದರೆ ಸುಟ್ಟ ವಾಸನೆ. ಹೀಗಿದ್ದರೆ ಅಲ್ಲಿ ಕಿಡಿ ಹಾರುತ್ತಿದೆ, ಸಾಕೆಟ್ಟಿನ ಹಿಡಿತ ಹೋಗಿದೆ. ಬೆಂಕಿಯ ಅಪಾಯವೂ ಇದೆ. ಪ್ಲಗ್, ಸಾಕೆಟ್ ಎರಡೂ ಹೊಸದು ಹಾಕಿಸಿ. ಒಂದೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಕ್ಯಾಬಿನೆಟ್ ಹಿಂದೆ ಚುಚ್ಚುವ ದಪ್ಪ ಪವರ್ ಕೇಬಲ್ ಕೂಡ ಸಡಿಲವಾಗುತ್ತದೆ. ಕಸ ಗುಡಿಸುವಾಗ, ಮೇಜು ಸರಿಸುವಾಗ ದಿನಾ ಸ್ವಲ್ಪ ಸ್ವಲ್ಪ ಎಳೆದಿರುತ್ತದೆ. ಗಟ್ಟಿಯಾಗಿ ಒತ್ತಿ ಕೂರಿಸಿ. ಮಾನಿಟರಿನ ಕೇಬಲ್ ಅದೇ ಥರದ್ದಾಗಿದ್ದರೆ ಎರಡನ್ನೂ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಎರಡು ದಿನ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ಒಂದು ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸಿ ಓಡಿಸುವುದನ್ನು ದಯವಿಟ್ಟು ನಿಲ್ಲಿಸಿ.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಕಡೆಯ ಹಳೇ ಚಾಳುಗಳಲ್ಲಿ, ಹಳೇ ಕಟ್ಟಡಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ಪಿನ್ನಿಗೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ಟಿನ ಹಿಂಭಾಗದ ಲೋಹ ಮುಟ್ಟಿದರೆ ಜುಮ್ ಅನ್ನುತ್ತದೆಯಾ? ಬರಿಗಾಲಲ್ಲಿದ್ದಾಗ ಜಾಸ್ತಿ ಗೊತ್ತಾಗುತ್ತದೆಯಾ? ಹಾಗಿದ್ದರೆ ಅರ್ಥಿಂಗ್ ಇಲ್ಲ, ಇಲ್ಲವೇ ಕೆಟ್ಟಿದೆ. ಬೇಕೆಂದೇ ಮುಟ್ಟಿ ಪರೀಕ್ಷಿಸಲು ಹೋಗಬೇಡಿ. ಸಾಕೆಟ್ ಬಿಚ್ಚಿ ನೀವೇ ನೋಡಲೂ ಬೇಡಿ. ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವುದಂತೂ ಬೇಡವೇ ಬೇಡ. ಲೈಸೆನ್ಸ್ ಇರುವ ಇಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಟೆಸ್ಟರ್ ಚುಚ್ಚಿ "ಸಬ್ ಠೀಕ್" ಅಂದರೆ ಒಪ್ಪಬೇಡಿ. ಟೆಸ್ಟರ್ ಫೇಸ್ ಇದೆಯಾ ಅಂತ ತೋರಿಸುತ್ತದೆ, ಅರ್ಥಿಂಗ್ ಸರಿ ಇದೆಯಾ ಅಂತ ತೋರಿಸುವುದಿಲ್ಲ. "ಅರ್ಥಿಂಗ್ ಬರೋಬರ್ ಆಹೆ ಕಾ, ಮೀಟರ್‌ನೇ ಬಘಾ" (ಅರ್ಥಿಂಗ್ ಸರಿ ಇದೆಯಾ, ಮೀಟರಿನಲ್ಲಿ ನೋಡಿ) ಅಂತ ಮರಾಠಿಯಲ್ಲಿ ಬಿಡಿಸಿ ಹೇಳಿ, ಫೇಸ್‌ಗೂ ಅರ್ಥ್‌ಗೂ ನಡುವೆ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡೂ ಅಳೆಯಿಸಿ. ಮೊದಲನೆಯದು ಮನೆಯ ವೋಲ್ಟೇಜ್‌ನಷ್ಟೇ ಬರಬೇಕು, ಎರಡನೆಯದು ಒಂದೆರಡು ವೋಲ್ಟಿನ ಆಸುಪಾಸು ಇರಬೇಕು.

ಇನ್ನು ಯುಪಿಎಸ್. "ನಮ್ಮಲ್ಲಿ ಯುಪಿಎಸ್ ಇದೆ, ಆದರೂ ಆಗುತ್ತೆ" ಅನ್ನುವವರು ಬಹಳ ಜನ. ಮನೆಯ ಸಣ್ಣ ಯುಪಿಎಸ್ಸಿನಲ್ಲಿ ಹೆಚ್ಚಾಗಿ 12 ವೋಲ್ಟ್, 7 ಆಂಪಿಯರ್‌-ಅವರ್‌ನ ಒಂದು ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದರ ಜೀವ ಹೋಗುತ್ತದೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಪರೀಕ್ಷೆ ಹೀಗೆ: ಎಲ್ಲ ಫೈಲ್ ಸೇವ್ ಮಾಡಿ ಮುಚ್ಚಿ, ಗೋಡೆಯ ಸ್ವಿಚ್ ಆಫ್ ಮಾಡಿ. ಪ್ಲಗ್ ಕೀಳಬೇಡಿ, ಕಿತ್ತರೆ ಅರ್ಥಿಂಗ್ ಕೂಡ ಹೋಗುತ್ತದೆ. ಕಂಪ್ಯೂಟರ್ ಆಗಲೇ ಬಿದ್ದರೆ, ಅಥವಾ ಒಂದೆರಡು ನಿಮಿಷವೂ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ. ಯುಪಿಎಸ್ ಮೇಲೆ ಬರೆದ 600 ವಿಎ ಅನ್ನುವುದು 600 ವ್ಯಾಟ್ ಅಲ್ಲ, ಅಂಥವು ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತವೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಅದು ಸಾಲದೆ ಹೋಗಬಹುದು. ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಹಾಕಲೇಬಾರದು. ಪ್ರಿಂಟ್ ಕೊಟ್ಟ ಕೂಡಲೇ ಅದು ಬಿಸಿಯಾಗಲು ಬಹಳ ಕರೆಂಟ್ ಎಳೆಯುತ್ತದೆ.

ಮನೆಯ ಇನ್ವರ್ಟರ್ ಮೇಲೆ ಓಡಿಸುತ್ತಿದ್ದರೆ ಅದರ ಹಿಂದೆಯೋ ಮುಂದೆಯೋ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇದೆಯಾ ನೋಡಿ. ನಾರ್ಮಲ್ ಅಥವಾ ಇಕೋ ಮೋಡಿನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಅದು ತಡ ಮಾಡುತ್ತದೆ. ಫ್ಯಾನಿಗೆ, ದೀಪಕ್ಕೆ ಅದು ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಗೊತ್ತಾಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕೂಡ ಪೂರ್ತಿ ಭಾರ ಹೊತ್ತಾಗ ಕರೆಂಟ್ ಇಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ. ಹಾಗಾಗಿ "ಲೈಟ್ ಕೂಡ ಮಿಣುಕಲಿಲ್ಲ, ಕಂಪ್ಯೂಟರ್ ಹೇಗೆ ಬಿತ್ತು?" ಅನ್ನುವುದರಲ್ಲಿ ಆಶ್ಚರ್ಯವಿಲ್ಲ.

ಹಂತ 4: ಬಟನ್ ಅಂಟಿಕೊಂಡಿದೆಯಾ?

ಚಿಕ್ಕ ಹಂತ, ಆದರೆ ಯಾರೂ ನೋಡುವುದಿಲ್ಲ. ಕ್ಯಾಬಿನೆಟ್ಟಿನ ಮುಂದಿನ ರೀಸೆಟ್ ಬಟನ್ ಧೂಳಿನಿಂದ, ಕರಾವಳಿಯ ತೇವದಿಂದ ಅಂಟಿಕೊಂಡು ತಾನೇ ಒತ್ತಿಕೊಂಡ ಹಾಗೆ ಆಗುತ್ತದೆ. ಪ್ಲಗ್ ತೆಗೆದು ಪಕ್ಕದ ಬಾಗಿಲು ಬಿಚ್ಚಿ. ಮುಂಭಾಗದಿಂದ ಮದರ್‌ಬೋರ್ಡಿನ (ಒಳಗೆ ಎಲ್ಲ ಭಾಗಗಳೂ ಕೂರುವ ದೊಡ್ಡ ಬೋರ್ಡಿನ) ಮೂಲೆಗೆ ಬರುವ ಸಣ್ಣ ವೈರುಗಳಲ್ಲಿ "ರೀಸೆಟ್ ಎಸ್‌ಡಬ್ಲ್ಯು" ಅಂತ ಬರೆದದ್ದನ್ನು ಮೆಲ್ಲಗೆ ಎಳೆದು ತೆಗೆಯಿರಿ. ತೆಗೆಯುವ ಮೊದಲು ಫೋಟೋ ತೆಗೆದುಕೊಳ್ಳಿ. ಆ ವೈರ್ ಇಲ್ಲದೆ ಕಂಪ್ಯೂಟರ್ ಆರಾಮವಾಗಿ ನಡೆಯುತ್ತದೆ. ಎರಡು ದಿನ ಹಾಗೇ ಓಡಿಸಿ ನೋಡಿ.

ಹಂತ 5: ಬಿಸಿ

ಬಿಸಿಯಾದ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗುತ್ತದೆ. ತಕ್ಷಣ ಆನ್ ಮಾಡಿದರೆ ಸ್ವಲ್ಪ ಹೊತ್ತಿಗೇ ಮತ್ತೆ ಬೀಳುತ್ತದೆ, ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಚೆನ್ನಾಗಿ ನಡೆಯುತ್ತದೆ. ಈ ಲಕ್ಷಣ ಕಂಡರೆ ಬಿಸಿಯೇ.

ಅಳೆಯಲು ಎಚ್‌ಡಬ್ಲ್ಯು ಇನ್ಫೋ, ಕೋರ್ ಟೆಂಪ್ ಥರದ ಪುಕ್ಕಟೆ ಪ್ರೋಗ್ರಾಂ ಹಾಕಿಕೊಳ್ಳಿ. ಸುಮ್ನೆ ಇರುವಾಗ 35ರಿಂದ 50 ಡಿಗ್ರಿ, ಭಾರದ ಕೆಲಸದಲ್ಲಿ 80ರವರೆಗೆ ಬಂದರೆ ಚಿಂತೆಯಿಲ್ಲ. ಹಲವು ಇಂಟೆಲ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ, ಎಎಂಡಿ ರೈಜನ್‌ಗಳಲ್ಲಿ ಹಲವದ್ದು 95. ಬರೀ ಬ್ರೌಸರ್ ತೆರೆದಾಗಲೇ 85, 90 ತೋರಿಸುತ್ತಿದ್ದರೆ ಏನೋ ಕೆಟ್ಟಿದೆ.

ಈಗ ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಹೋಗಲಿ ಅಂತ. ಬಾಗಿಲು ಬಿಚ್ಚಿ. ಪ್ರೊಸೆಸರ್ ಮೇಲಿನ ಫ್ಯಾನ್ ತಿರುಗುವುದನ್ನು ನೋಡಿ ಎಲ್ಲರೂ "ಫ್ಯಾನ್ ಸರಿ ಇದೆ" ಅನ್ನುತ್ತಾರೆ. ಆದರೆ ಟಾರ್ಚನ್ನು ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಕೆಳಗೆ ಬಿಟ್ಟು ನೋಡಿ. ಫ್ಯಾನಿಗೂ ಅದರ ಕೆಳಗಿನ ಹೀಟ್‌ಸಿಂಕ್‌ಗೂ, ಅಂದರೆ ಬಿಸಿ ಹೊರಗೆ ಬಿಡುವ ಅಲ್ಯೂಮಿನಿಯಂ ಹಲ್ಲುಗಳಿಗೂ, ನಡುವೆ ಬೂದು ಬಣ್ಣದ ಕಂಬಳಿಯ ತುಂಡಿನ ಹಾಗೆ ಧೂಳು ಹಾಸಿಕೊಂಡಿರುತ್ತದೆ. ಹೋಟೆಲ್ ಕೌಂಟರಿನಲ್ಲಿ, ಅಡುಗೆಮನೆ ಪಕ್ಕ ಇರುವ ಕಂಪ್ಯೂಟರಿನಲ್ಲಿ ಅದಕ್ಕೆ ಎಣ್ಣೆ ಜಿಡ್ಡು ಸೇರಿ ಜಡ್ಡುಗಟ್ಟಿರುತ್ತದೆ. ಗಾಳಿ ಕೆಳಗೆ ಹೋಗುವುದೇ ಇಲ್ಲ. ಬೆರಳಲ್ಲಿ ರೆಕ್ಕೆ ಹಿಡಿದುಕೊಂಡು ಬ್ರಶ್ಶಿನಲ್ಲಿ ಬಿಡಿಸಿ. ಬ್ಲೋವರ್ ಹಾಕುವವರು ರೆಕ್ಕೆ ಹಿಡಿಯದೆ ಹಾಕಿದರೆ ಫ್ಯಾನ್ ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹೋಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಸ್ಟ್ಯಾಟಿಕ್, ಅಂದರೆ ಚಿಪ್ ಹಾಳುಮಾಡಬಲ್ಲ ಸ್ಥಿರ ವಿದ್ಯುತ್, ಹುಟ್ಟುತ್ತದೆ. ಒದ್ದೆ ಬಟ್ಟೆಯೂ ಬೇಡ.

ಇಂಟೆಲ್ ಜೊತೆ ಬರುವ ಕೂಲರಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಅವುಗಳಲ್ಲಿ ಒಂದು ಮೇಲೆದ್ದರೂ ಕೂಲರ್ ಓರೆಯಾಗುತ್ತದೆ, ಪ್ರೊಸೆಸರಿಗೆ ಸರಿಯಾಗಿ ತಾಗುವುದಿಲ್ಲ. ಒಂದೊಂದನ್ನೂ ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಮತ್ತೆ ಕೂರಿಸುವಾಗ ಎದುರುಬದುರು ಮೂಲೆಗಳನ್ನು ಒತ್ತಿ, ಟಕ್ ಅಂತ ಸದ್ದು ಬರಬೇಕು.

ಧೂಳು ತೆಗೆದರೂ ಬಿಸಿ ಇಳಿಯದಿದ್ದರೆ ಕೂಲರ್ ತೆಗೆದು ಥರ್ಮಲ್ ಪೇಸ್ಟ್ ಬದಲಿಸಿ. ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಅದು, ಕಾಲ ಕಳೆದಂತೆ ಒಣಗಿ ಸುಣ್ಣದ ಹಾಗಾಗುತ್ತದೆ. ಹಳೆಯದನ್ನು ಪೂರ್ತಿ ಒರೆಸಿ, ನಡುವೆ ಬಟಾಣಿ ಕಾಳಿಗಿಂತ ಸ್ವಲ್ಪ ಚಿಕ್ಕದಾಗಿ ಹಾಕಿ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತ ಏನಿಲ್ಲ. ಎಎಂಡಿಯ ಎಎಂ4 ಬೋರ್ಡ್ ಇದ್ದರೆ ಇನ್ನೊಂದು ಎಚ್ಚರಿಕೆ. ಒಣಗಿದ ಪೇಸ್ಟ್ ಅಂಟಿಕೊಂಡು ಕೂಲರ್ ಎಳೆದಾಗ ಪ್ರೊಸೆಸರೂ ಜೊತೆಗೆ ಕಿತ್ತುಕೊಂಡು ಬರಬಹುದು, ಅದರ ಅಡಿಯ ಪಿನ್‌ಗಳು ಬಾಗಬಹುದು. ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಮೊದಲು ಎಡಬಲ ತಿರುಗಿಸಿ ಸಡಿಲ ಮಾಡಿ, ಆಮೇಲೆ ಎತ್ತಿ.

ಹಂತ 6: ರ‍್ಯಾಮ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಗೋವಾದ ತೇವಕ್ಕೆ, ಸಮುದ್ರದ ಉಪ್ಪುಗಾಳಿಗೆ ರ‍್ಯಾಮ್ ಪಟ್ಟಿಯ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಬ್ಬು ಕೂರುತ್ತದೆ. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಬರಿ ಲೋಹ ಒಮ್ಮೆ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಕ್ಲಿಪ್ ಸರಿಸಿ ಪಟ್ಟಿ ತೆಗೆಯಿರಿ. ಬಿಳಿ ರಬ್ಬರಿನಲ್ಲಿ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ಪುಡಿ ಪೂರ್ತಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ. ರಬ್ಬರ್ ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ತೊಂದರೆ, ಹಾಗಾಗಿ ಉಜ್ಜುವ ಕೆಲಸ ಕ್ಯಾಬಿನೆಟ್‌ನಿಂದ ದೂರ ಮಾಡಿ.

ಎರಡು ಪಟ್ಟಿ ಇದ್ದರೆ ಒಂದನ್ನು ತೆಗೆದಿಟ್ಟು ಎರಡು ದಿನ, ಆಮೇಲೆ ಇನ್ನೊಂದರಲ್ಲಿ ಎರಡು ದಿನ ಓಡಿಸಿ. ಒಂದರಲ್ಲಿ ಮಾತ್ರ ರೀಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ. ಪರೀಕ್ಷೆಗೆ ವಿಂಡೋಸಿನದೇ "ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್" ಇದೆ. ಅದು ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ನನ್ನ ನಂಬಿಕೆ ಜಾಸ್ತಿ ಮೆಮ್‌ಟೆಸ್ಟ್86 ಮೇಲೆ. ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿ ಬಿಟ್ಟು ಮಲಗಿ. ನಾಲ್ಕು ಸುತ್ತು ಮುಗಿಯಲಿ. ಒಂದೇ ಒಂದು ತಪ್ಪು ಬಂದರೂ ರ‍್ಯಾಮ್ ಸರಿ ಇಲ್ಲ ಅಂತಲೇ ಲೆಕ್ಕ. ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಏಳುವ, ಬೋರ್ಡಿನ ಸ್ವಂತ ಸಾಫ್ಟ್‌ವೇರ್‌ನಲ್ಲಿ) ಎಕ್ಸ್‌ಎಂಪಿ ಆನ್ ಇದ್ದರೆ, ಅಂದರೆ ರ‍್ಯಾಮನ್ನು ಮಾಮೂಲಿಗಿಂತ ವೇಗವಾಗಿ ಓಡಿಸುವ ಸೆಟ್ಟಿಂಗ್, ಅದನ್ನು ಆಫ್ ಮಾಡಿ ಇನ್ನೊಮ್ಮೆ ಪರೀಕ್ಷಿಸಿದ ಮೇಲೆ ತೀರ್ಮಾನಿಸಿ.

ಹಂತ 7: ಡ್ರೈವರ್ ಮತ್ತು ವಿಂಡೋಸ್

2ನೇ ಹಂತದಲ್ಲಿ ಸಂಖ್ಯೆ ಬಂದವರಿಗೆ ಮಾತ್ರ ಇದು ಮುಖ್ಯ. ಡ್ರೈವರ್ ಅಂದರೆ ಒಂದೊಂದು ಬಿಡಿಭಾಗವನ್ನೂ ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್. ತೊಂದರೆ ಶುರುವಾದ ದಿನದ ಆಸುಪಾಸು ಏನು ಹೊಸದಾಗಿ ಹಾಕಿದಿರಿ? ಡಿವೈಸ್ ಮ್ಯಾನೇಜರಿನಲ್ಲಿ ಆ ಭಾಗದ ಪ್ರಾಪರ್ಟೀಸ್ ತೆರೆದು ಡ್ರೈವರ್ ಟ್ಯಾಬಿನಲ್ಲಿ "ರೋಲ್ ಬ್ಯಾಕ್" ಕೊಡಿ. ಡ್ರೈವರ್ ಬೇಕಾದರೆ ಮದರ್‌ಬೋರ್ಡ್ ಅಥವಾ ಗ್ರಾಫಿಕ್ಸ್ ಕಾರ್ಡ್ ಕಂಪನಿಯ ತಾಣದಿಂದಲೇ ತನ್ನಿ. "ಒಂದೇ ಕ್ಲಿಕ್ಕಿಗೆ ಎಲ್ಲ ಡ್ರೈವರ್ ಅಪ್‌ಡೇಟ್" ಅನ್ನುವ ಪ್ರೋಗ್ರಾಂಗಳನ್ನು ಹತ್ತಿರ ಸೇರಿಸಬೇಡಿ.

ವಿಂಡೋಸ್ ಫೈಲ್ ಸರಿಮಾಡಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ಎಸ್‌ಎಫ್‌ಸಿ", ಒಂದು ಸ್ಪೇಸ್, ಸ್ಲ್ಯಾಶ್, "ಸ್ಕ್ಯಾನ್‌ನೌ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ವೈರಸ್ ಸ್ಕ್ಯಾನ್ ಕೂಡ ಒಮ್ಮೆ ಮಾಡಿ, ಆದರೆ ಈ ತೊಂದರೆಗೆ ವೈರಸ್ ಕಾರಣ ಆಗುವುದು ಅಪರೂಪ. ಇನ್ನೊಂದು ವಿಷಯ: ಸರಿಯಾಗಿ ಗಂಟೆಗೊಮ್ಮೆ ಬಂದ್ ಆಗುತ್ತಿದ್ದರೆ, ಯಾರೋ ನಿಮಗೆ ವಿಂಡೋಸಿನ ಇವ್ಯಾಲ್ಯುಯೇಷನ್ ಪ್ರತಿ, ಅಂದರೆ ಪರೀಕ್ಷೆಗೆಂದು ಕೊಡುವ ಪ್ರತಿ ಹಾಕಿಕೊಟ್ಟಿರಬಹುದು. ಅವಧಿ ಮುಗಿದ ಮೇಲೆ ಅದು ಹಾಗೇ ಮಾಡುತ್ತದೆ. ಇದೊಂದಕ್ಕೆ ಫಾರ್ಮ್ಯಾಟ್ ಸರಿಯಾದ ಮದ್ದು.

ಹಂತ 8: ಎಸ್‌ಎಂಪಿಎಸ್

ಇಷ್ಟೆಲ್ಲ ಆದ ಮೇಲೂ ಬಗ್‌ಚೆಕ್ ಸೊನ್ನೆಯೇ ಬರುತ್ತಿದ್ದರೆ, ಅದರಲ್ಲೂ ಭಾರದ ಕೆಲಸದಲ್ಲಿ ಆಗುತ್ತಿದ್ದರೆ, ಈಗ ಎಸ್‌ಎಂಪಿಎಸ್ ಮೇಲೆ ಕೈಯಿಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದಾದರೆ ಸಂಶಯ ಇನ್ನೂ ಗಟ್ಟಿ.

ಎಸ್‌ಎಂಪಿಎಸ್ ಡಬ್ಬವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಜೀವಕ್ಕೆ ಅಪಾಯ.

ಮಲ್ಟಿಮೀಟರ್ ಇದ್ದವರು ಹಳೇ ಡಿಸ್ಕಿಗೆ ಹಾಕುವ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ವೈರಿನ ನಡುವೆ ಅಳೆಯಿರಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25. ಆದರೆ ಅಳತೆ ಸರಿ ಬಂತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿ ಇದೆ ಅಂತಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕುಸಿದು ಏರುವುದನ್ನು ಮೀಟರ್ ತೋರಿಸುವುದಿಲ್ಲ. ಹಸಿರು ವೈರಿಗೆ ಪಿನ್ ಚುಚ್ಚಿ "ಫ್ಯಾನ್ ತಿರುಗಿತು, ಸರಿ ಇದೆ" ಅನ್ನುವುದೂ ಅಷ್ಟೇ. ಭಾರ ಇಲ್ಲದೆ ಮಾಡಿದ ಪರೀಕ್ಷೆ ಅದು. ನಂಬಬಹುದಾದ ಪರೀಕ್ಷೆ ಒಂದೇ: ಗೆಳೆಯರಿಂದಲೋ ಅಂಗಡಿಯಿಂದಲೋ ಚೆನ್ನಾಗಿರುವ ಇನ್ನೊಂದು ತಂದು ಹಾಕಿ, ಅದೇ ಕೆಲಸ ಮಾಡಿ ನೋಡುವುದು. ಕೇಬಲ್ ಬಿಚ್ಚಿ ತೆಗೆಯಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲ್ಲನ್ನು ಹೊಸದಕ್ಕೆ ಚುಚ್ಚಬೇಡಿ. ತುದಿ ಒಂದೇ ಥರ ಕಂಡರೂ ಕಂಪನಿಗೊಂದು ವೈರಿಂಗ್. ಡಿಸ್ಕ್, ಬೋರ್ಡ್ ಸುಟ್ಟುಹೋಗುತ್ತದೆ.

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಕಂಪ್ಯೂಟರಿಗೆ ಒಳ್ಳೆಯ ಕಂಪನಿಯ, 80 ಪ್ಲಸ್ ಗುರುತಿನ (ಕರೆಂಟ್ ವ್ಯರ್ಥ ಮಾಡುವುದು ಕಡಿಮೆ ಅನ್ನುವ ಗುರುತು) 450 ವ್ಯಾಟ್ ಸಾಕು. ಕಾರ್ಡ್ ಇದ್ದರೆ ಆ ಕಾರ್ಡಿನ ಕಂಪನಿ ಎಷ್ಟು ವ್ಯಾಟ್ ಬೇಕು ಅಂತ ಹೇಳಿದೆಯೋ ಅಷ್ಟು.

ಹಂತ 9: ಅಂಗಡಿಗೆ ಹೋಗಬೇಕಾದಾಗ

ಉಳಿದದ್ದು ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್. ಬೋರ್ಡಿನ ಮೇಲಿನ ಸಣ್ಣ ಡಬ್ಬಿಗಳಂಥ ಕೆಪ್ಯಾಸಿಟರ್‌ಗಳ ತಲೆ ಚಪ್ಪಟೆ ಇರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಬೋರ್ಡ್ ಹೋಗಿದೆ. ಗ್ರಾಫಿಕ್ಸ್ ಕಾರ್ಡ್ ತೆಗೆದು, ಬೋರ್ಡಿನದೇ ಡಿಸ್‌ಪ್ಲೇ ಇದ್ದರೆ ಅದರಲ್ಲಿ ಓಡಿಸಿ ನೋಡಬಹುದು. ಇದರ ಮುಂದೆ ಮನೆಯಲ್ಲಿ ಮಾಡುವಂಥದ್ದು ಜಾಸ್ತಿ ಇಲ್ಲ.

ಮುಂಬೈಯವರಿಗೆ ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಗೊತ್ತೇ ಇದೆ ಅಲ್ವಾ. ಅಲ್ಲಿಗೆ ಹೋಗಲಿ, ನಿಮ್ಮ ಬೀದಿಯ ಅಂಗಡಿಗೇ ಹೋಗಲಿ, ನೋಟ್‌ಬುಕ್ ಮತ್ತು ಪರದೆಯ ಫೋಟೋ ಜೊತೆಗಿರಲಿ. "ರೀಸ್ಟಾರ್ಟ್ ಆಗುತ್ತೆ" ಅಂತಷ್ಟೇ ಹೇಳಿದರೆ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. "ಬಗ್‌ಚೆಕ್ ಸೊನ್ನೆ, ರ‍್ಯಾಮ್ ನಾಲ್ಕು ಸುತ್ತು ಪಾಸ್, ಬಿಸಿ 70 ದಾಟಿಲ್ಲ, ಬೇರೆ ಎಸ್‌ಎಂಪಿಎಸ್ ಹಾಕಿಯೂ ಆಯಿತು" ಅಂದರೆ ಅವರು ನೇರ ಬೋರ್ಡ್ ನೋಡುತ್ತಾರೆ. ಕೊಡುವ ಮೊದಲು ಒಳಗಿನ ಫೋಟೋ ತೆಗೆದು, ರ‍್ಯಾಮ್, ಡಿಸ್ಕಿನ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಬದಲಿಸಿ "ಸರಿಯಾಯಿತು" ಅಂದರೆ ನಂಬಬೇಡಿ. ಅದು ಗಡಿಯಾರ ಮತ್ತು ಬಯಾಸ್ ಸೆಟ್ಟಿಂಗ್ ಉಳಿಸಲು ಇರುವುದು. ಹೊಸ ಭಾಗ ಹಾಕಿಸಿದರೆ ಸೀರಿಯಲ್ ನಂಬರ್ ಸಮೇತ ಜಿಎಸ್‌ಟಿ ಬಿಲ್ ಕೇಳಿ, ವಾರಂಟಿಗೆ ಅದೇ ಆಧಾರ.

ಮನೆಗೆ ತಂದ ಮೇಲೆ, ಮೊದಲು ಯಾವ ಕೆಲಸದಲ್ಲಿ ಬೀಳುತ್ತಿತ್ತೋ ಅದೇ ಕೆಲಸ ಕೊಟ್ಟು ನೋಡಿ. ಎರಡು ವಾರ ಇವೆಂಟ್ ವ್ಯೂವರಿನಲ್ಲಿ ಹೊಸ 41 ಬರದಿದ್ದರೆ, 2ನೇ ಹಂತದಲ್ಲಿ ತೆಗೆದ ಆ ಟಿಕ್ ಮತ್ತೆ ಹಾಕಿಬಿಡಿ.